ಎಲುಬು ಮೆತ್ತಗಾದರೆ ವಯಸ್ಸು ಇಳಿಯುತ್ತದೆಯೇ?

ಅಕ್ಕಲಕೋಟ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

“ಕಳೆದ ಸಂಚಿಕೆಯಲ್ಲಿ ‘ಡೈನೋಸಾರ್ ಮಾಂಸ ಸಿಕ್ಕಿತು!’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಕೆಳಗೆ ಅದು 6.8 ಕೋಟಿ ವರ್ಷ ಹಳೆಯದು ಎಂದೂ ಇದೆ. ಎಂಟನೇ ಇಯತ್ತೆಯಲ್ಲಿರುವ ನನ್ನ ಮೊಮ್ಮಗ ಅದನ್ನು ಓದಿ, ಮೊಬೈಲಿನಲ್ಲಿ ಒಂದು ಹಿಂದಿ ವಿಡಿಯೊ ತೋರಿಸಿದ. ಮಾಂಸ, ರಕ್ತ ಉಳಿದಿದೆ ಅಂದರೆ ಆ ಪ್ರಾಣಿ ಸತ್ತು ಕೆಲವು ಸಾವಿರ ವರ್ಷವಷ್ಟೇ ಆಗಿದೆ, ಕಾರ್ಬನ್ ಪರೀಕ್ಷೆಯಲ್ಲೂ ಹಾಗೇ ಬಂದಿದೆ, ವಿಜ್ಞಾನಿಗಳು ಮುಚ್ಚಿಡುತ್ತಿದ್ದಾರೆ ಎಂದು ಅದರಲ್ಲಿ ಹೇಳುತ್ತಾರೆ. 34 ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಆದರೂ ಉತ್ತರ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಸತ್ತ ಎಮ್ಮೆ ಎರಡು ದಿನ ತಡೆಯುವುದಿಲ್ಲ. ಇದು ಕೋಟಿ ವರ್ಷ ಹೇಗೆ ಉಳಿಯಿತು? ಈ ಕೋಟಿಗಳನ್ನು ಎಣಿಸಿದವರಾದರೂ ಯಾರು?”

ಮಾಸ್ತರರೇ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ತಲೆಬರಹ ಕೊಟ್ಟವನು ನಾನೇ. ಲೇಖನ ಬರೆದವರು ‘ಮೃದು ಅಂಗಾಂಶ’ ಎಂದು ಸರಿಯಾಗಿಯೇ ಬರೆದಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಪುಟ ಮುಗಿಸುವ ಗಡಿಬಿಡಿಯಲ್ಲಿ, ಓದುವವರಿಗೆ ಭಾರವಾದೀತು ಅಂತ ನಾನು ಅದನ್ನು ‘ಮಾಂಸ’ ಮಾಡಿಬಿಟ್ಟೆ. ಮಾಂಸ ಯಾರಿಗೂ ಸಿಕ್ಕಿಲ್ಲ. ಹಸಿ ರಕ್ತವೂ ಸಿಕ್ಕಿಲ್ಲ. ಆ ವಿಡಿಯೊ ಮಾಡಿದವರು ಹೇಳಿದ್ದು ಮತ್ತು ನಾನು ದಪ್ಪಕ್ಷರದಲ್ಲಿ ಹಾಕಿದ್ದು, ಎರಡೂ ಒಂದೇ ಜಾತಿಯ ಅವಸರ.

ನಡೆದದ್ದು ಇಷ್ಟು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಹೆಲ್ ಕ್ರೀಕ್ ಎಂಬ ಬಂಡೆಪದರಗಳಿವೆ. ಅಲ್ಲಿ 2000ರಲ್ಲಿ ಜ್ಯಾಕ್ ಹಾರ್ನರ್ ಅವರ ತಂಡಕ್ಕೆ ಒಂದು ಟಿರಾನೊಸಾರಸ್ ರೆಕ್ಸ್ ಎಲುಬುಗೂಡು ಕಂಡಿತು. ರಸ್ತೆ ಇಲ್ಲದ ಜಾಗ, ಹೆಲಿಕಾಪ್ಟರಿನಲ್ಲೇ ಸಾಗಿಸಬೇಕು. ಪ್ಲಾಸ್ಟರ್ ಸುತ್ತಿದ ಗಂಟು ಎತ್ತಲಾರದಷ್ಟು ಭಾರವಾಯಿತು. ಬೇರೆ ದಾರಿಯಿಲ್ಲದೆ ತೊಡೆ ಎಲುಬನ್ನು ಅಲ್ಲೇ ಮುರಿದರು. ಆಗ ಉದುರಿದ ಚೂರುಗಳನ್ನು ಉತ್ತರ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮೇರಿ ಶ್ವೈಟ್ಜರ್ ಅವರಿಗೆ ಕಳಿಸಿಕೊಟ್ಟರು. ಸಾಮಾನ್ಯವಾಗಿ ಇಂಥ ಎಲುಬುಗಳಿಗೆ ಒಡೆಯದಿರಲಿ ಅಂತ ಅಂಟು ಬಳಿಯುತ್ತಾರೆ. ಈ ಚೂರುಗಳಿಗೆ ಅಂಟು ತಾಗಿರಲಿಲ್ಲ. ಆ ಮುರಿದ ಎಲುಬು ಮುರಿದದ್ದೇ ಒಳ್ಳೆಯದಾಯಿತು!

ಶ್ವೈಟ್ಜರ್ ಮೃದು ಅಂಗಾಂಶ ಹುಡುಕಲು ಕೂತವರಲ್ಲ. ಆ ಎಲುಬಿನ ಒಳಗೋಡೆಯಲ್ಲಿ ಅವರಿಗೆ ಒಂದು ವಿಚಿತ್ರ ಪದರ ಕಂಡಿತು. ಕೋಳಿ ಸಾಕಿದವರಿಗೆ ಗೊತ್ತಿರುತ್ತದೆ, ಮೊಟ್ಟೆ ಇಡುವ ಕಾಲಕ್ಕೆ ಚಿಪ್ಪಿಗೆ ಸುಣ್ಣದ ಅಂಶ ಬೇಕು. ಅದಕ್ಕಾಗಿ ಹೆಣ್ಣು ಹಕ್ಕಿಯ ಎಲುಬಿನೊಳಗೆ ತಾತ್ಕಾಲಿಕವಾಗಿ ಒಂದು ಪದರ ಬೆಳೆಯುತ್ತದೆ. ಇದೂ ಅದೇನಾ? ಹಾಗಿದ್ದರೆ ಇದು ಬಸುರಿ ಡೈನೋಸಾರ್! ನೋಡಲೆಂದು ಚೂರನ್ನು ಖನಿಜ ಕರಗಿಸುವ ಸೌಮ್ಯ ದ್ರಾವಣದಲ್ಲಿ ಹಾಕಿದರು. ಪೂರ್ತಿ ಕಲ್ಲಾದ ಎಲುಬಾಗಿದ್ದರೆ ಕರಗಿ ಏನೂ ಉಳಿಯಬಾರದಿತ್ತು. ಆದರೆ ತಳದಲ್ಲಿ ಒಂದಿಷ್ಟು ಕಂದು ಚೂರು ಉಳಿಯಿತು. ಒದ್ದೆಯಿದ್ದಾಗ ಎಳೆದರೆ ಹಿಗ್ಗುತ್ತಿತ್ತು, ಬಿಟ್ಟರೆ ಮತ್ತೆ ಮೊದಲಿನ ಹಾಗೆ ಆಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ನಾಳಗಳು, ಎಲುಬಿನ ಕೋಶಗಳಂಥ ಆಕಾರಗಳು ಕಂಡವು. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾದದ್ದು ಇದು. ಅಂದರೆ ಎಲುಬು ಒಡೆದಾಗ ಒಳಗೆ ಕೆಂಪು ಮಾಂಸ ಇರಲಿಲ್ಲ. ಕಲ್ಲಿನಂಥ ಎಲುಬಿನಿಂದ ಖನಿಜ ತೆಗೆದ ಮೇಲೆ ಸಿಕ್ಕಿದ್ದು ಇಷ್ಟು, ಮಿಲಿಮೀಟರ್ ಲೆಕ್ಕದ ಚೂರು. ವಿಡಿಯೊ ಈ ನಡುವಿನ ಹಂತವನ್ನೇ ನುಂಗಿಬಿಟ್ಟಿದೆ.

ಬಾಯಲ್ಲಿ ಹೇಳಿದರೆ ಹುಡುಗ ನಂಬಲಿಕ್ಕಿಲ್ಲ. ನಿಮ್ಮ ಪತ್ರ ಬಂದ ಮರುದಿನ ನಾನೂ ಒಂದು ಪ್ರಯೋಗ ಮಾಡಿದೆ. ಊಟದ ಡಬ್ಬಿಯ ಕೋಳಿ ಕಾಲಿನ ಎಲುಬನ್ನು ತೊಳೆದು, ಗಾಜಿನ ಬಾಟಲಿಯಲ್ಲಿ ಹಾಕಿ, ಮುಳುಗುವಷ್ಟು ಅಂಗಡಿ ವಿನೆಗರ್ ಸುರಿದು ಕಚೇರಿಯ ಕಿಟಕಿಯಲ್ಲಿಟ್ಟೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿದೆ. ಎಂಟನೇ ದಿನ ತೆಗೆದು ಬಗ್ಗಿಸಿದರೆ ರಬ್ಬರಿನ ಹಾಗೆ ಬಾಗಿತು! ಪುಟ ಕಟ್ಟುವ ಹುಡುಗಿ ಮೂಗು ಮುಚ್ಚಿಕೊಂಡೇ ಅದರ ಫೋಟೊ ತೆಗೆದಳು. ಎಲುಬಿನ ಗಟ್ಟಿತನ ಖನಿಜದ್ದು, ಅದು ಕರಗಿ ಹೋಯಿತು. ಉಳಿದ ನಾರು ಕೊಲಾಜನ್. ಚರ್ಮದಲ್ಲೂ ಅದೇ ಇರುವುದು. ಅದೇ ಎಲುಬು ಒಲೆಗೆ ಬಿದ್ದರೆ ಉಲ್ಟಾ ಆಗುತ್ತದೆ. ನಾರು ಸುಟ್ಟುಹೋಗಿ ಖನಿಜ ಉಳಿಯುತ್ತದೆ, ಆಕಾರ ಹಾಗೇ ಇರುತ್ತದೆ, ಮುಟ್ಟಿದರೆ ಪುಡಿ.

ಈಗ ನಿಮ್ಮ ಎಮ್ಮೆಯ ಪ್ರಶ್ನೆ. ನಿಜಕ್ಕೂ ಗಟ್ಟಿ ಪ್ರಶ್ನೆ. ವಿಜ್ಞಾನಿಗಳೂ 2005ರಲ್ಲಿ ಇದನ್ನೇ ಕೇಳಿದ್ದು. ಅಲ್ಲಿಯವರೆಗೆ ಪ್ರೋಟೀನ್ ಇಷ್ಟು ಕಾಲ ಉಳಿಯುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಆದರೆ ಒಂದು ವಿಷಯ ನೋಡಿ. ಮನೆಯಲ್ಲಿ ಬೆಳಿಗ್ಗೆ ಮಾಡಿದ ಜೋಳದ ರೊಟ್ಟಿ ಮೂರನೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಅದೇ ಹಿಟ್ಟು, ಅದೇ ನೀರು, ಅದೇ ಕೈಯಿಂದ ಬಡಿದ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಸೊಲ್ಲಾಪುರದಿಂದ ಅದು ಪುಣೆ, ಮುಂಬಯಿಗೆ ಪೊಟ್ಟಣ ಕಟ್ಟಿಕೊಂಡು ಹೋಗುವುದು ನಿಮಗೆ ಗೊತ್ತೇ ಇದೆ. ಅದು ಇನ್ನೂ ಚೆನ್ನಾಗಿದೆ ಅಂತ ‘ಇದನ್ನು ನಿನ್ನೆ ಬಡಿದಿದ್ದಾರೆ’ ಎಂದು ಹೇಳುವುದಕ್ಕಾಗುತ್ತದಾ? ಹಳೆಯ ಮನೆಗಳ ಹಗೇವು ನೆನಪಿಸಿಕೊಳ್ಳಿ. ಬಾಯಿ ಮುಚ್ಚಿ ಮಣ್ಣು ಬಡಿದರೆ ಒಳಗಿನ ಜೋಳಕ್ಕೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ. ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸಿಬಿಡುತ್ತದೆ, ಹುಳ ಸತ್ತುಹೋಗುತ್ತದೆ. ತೆಗೆದ ಕೂಡಲೇ ಇಳಿದವನೂ ಸಾಯುತ್ತಾನೆ, ಅದಕ್ಕೇ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಅಂದರೆ ಕೊಳೆಯುವುದು ಗಡಿಯಾರದ ಹಾಗೆ ಒಂದೇ ವೇಗದಲ್ಲಿ ನಡೆಯುವ ಕೆಲಸ ಅಲ್ಲ. ನೀರು, ಗಾಳಿ, ಸೂಕ್ಷ್ಮಜೀವಿ, ಬಿಸಿ, ಇವು ಹೇಗಿದ್ದರೆ ಹಾಗೆ. ಬಯಲಲ್ಲಿ ಬಿದ್ದ ಎಮ್ಮೆಗೆ ಇವೆಲ್ಲ ಧಾರಾಳ. ಮರಳಿನಲ್ಲಿ ಬೇಗ ಹೂತುಹೋದ ಪ್ರಾಣಿಯ ಗಟ್ಟಿ ಎಲುಬಿನ ಒಳಗಿನ ಸಣ್ಣ ರಂಧ್ರಕ್ಕೆ ಇವು ಅಷ್ಟು ಸುಲಭವಾಗಿ ತಲುಪುವುದಿಲ್ಲ.

ಇದಕ್ಕಿಂತ ಹತ್ತಿರದ ಹೋಲಿಕೆ ನಿಮ್ಮ ಹೊಸಿಲ ಬಳಿಯೇ ಇರಬೇಕು. ಕೊಲ್ಹಾಪುರಿ ಚಪ್ಪಲಿ. ಹಸಿ ತೊಗಲು ಎರಡು ದಿನಕ್ಕೆ ನಾರುತ್ತದೆ. ಅದನ್ನೇ ಜಾಲಿ ತೊಗಟೆ, ಅಳಲೆಕಾಯಿಯ ಒಗರು ನೀರಿನಲ್ಲಿ ನೆನೆಹಾಕಿ ಹದ ಮಾಡಿದರೆ ಅಪ್ಪ ಮೆಟ್ಟಿದ್ದನ್ನು ಮಗ ಮೆಟ್ಟಬಹುದು. ಒಗರು ಹೋಗಿ ಕೊಲಾಜನ್ ಎಳೆಗಳ ನಡುವೆ ಕೊಂಡಿ ಹಾಕುತ್ತದೆ. ಕೊಂಡಿ ಬಿದ್ದ ಎಳೆಯನ್ನು ಬ್ಯಾಕ್ಟೀರಿಯಾ ಕಡಿಯಲಾರದು. ಆರ್ಮೇನಿಯಾದ ಒಂದು ಗವಿಯಲ್ಲಿ ಸುಮಾರು 5,500 ವರ್ಷ ಹಳೆಯ ತೊಗಲಿನ ಬೂಟು ಸಿಕ್ಕಿದೆ, ಲಾಡಿ ಸಮೇತ.

ಡೈನೋಸಾರ್ ಎಲುಬಿನಲ್ಲಿ ಹದ ಮಾಡಿದವರು ಯಾರು? ಶ್ವೈಟ್ಜರ್ ತಂಡದ ಉತ್ತರ: ರಕ್ತದಲ್ಲಿದ್ದ ಕಬ್ಬಿಣ. ಪ್ರಾಣಿ ಸತ್ತ ಮೇಲೆ ಹಿಮೋಗ್ಲೋಬಿನ್ ಒಡೆದು ಕಬ್ಬಿಣ ಹೊರಬರುತ್ತದೆ. ಅದು ಪ್ರೋಟೀನ್ ಎಳೆಗಳಿಗೆ ಕೊಂಡಿ ಹಾಕಿ ಗಟ್ಟಿ ಮಾಡುತ್ತದೆ, ಪ್ರಯೋಗಶಾಲೆಯ ಫಾರ್ಮಾಲಿನ್ ಮಾಡುವ ಹಾಗೆ. ಇದನ್ನು ಪರೀಕ್ಷಿಸಲು ಉಷ್ಟ್ರಪಕ್ಷಿಯ ರಕ್ತನಾಳ ತೆಗೆದುಕೊಂಡರು. ಬರೀ ನೀರಿನಲ್ಲಿಟ್ಟದ್ದು ಕೆಲವೇ ದಿನಗಳಲ್ಲಿ ಕೊಳೆಯಿತು. ಕೆಂಪು ರಕ್ತಕಣದ ರಸದಲ್ಲಿ ಅದ್ದಿ ತೆಗೆದದ್ದು ಕೋಣೆಯ ಬಿಸಿಯಲ್ಲೇ ಎರಡು ವರ್ಷ ಕೆಡದೆ ಇತ್ತು. 2013ರಲ್ಲಿ ಇದು ಪ್ರಕಟವಾಯಿತು. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಮಾತು ಸೇರಿಸಿತು. ಆ ಕಂದು ಚೂರುಗಳು ಮೊದಲಿನ ಪ್ರೋಟೀನ್ ಆಗಿ ಉಳಿದಿಲ್ಲ, ಸಕ್ಕರೆ ಮತ್ತು ಕೊಬ್ಬಿನ ಜತೆ ಕೂಡಿ ಬೇರೆಯೇ ವಸ್ತುವಾಗಿವೆ, ನೀರೂ ಕರಗಿಸದ, ಬ್ಯಾಕ್ಟೀರಿಯಾವೂ ತಿನ್ನದ ವಸ್ತು. ಹಂಚಿನ ಮೇಲೆ ರೊಟ್ಟಿಗೆ ಕಂದು ಬಣ್ಣ ಬರುತ್ತದಲ್ಲ, ರಸಾಯನದ ಲೆಕ್ಕದಲ್ಲಿ ಅದರ ಹತ್ತಿರದ ಸಂಬಂಧಿ. ಮತ್ತೆ ಕಡಕ್ ರೊಟ್ಟಿಗೇ ಬಂದೆವು ನೋಡಿ.

ಎರಡು ವರ್ಷಕ್ಕೂ 6.8 ಕೋಟಿಗೂ ಭಾರೀ ಅಂತರ ಇದೆ ಅಂತ ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಅದಕ್ಕೇ ಈ ಜಗಳ ಮುಗಿದಿಲ್ಲ. 2008ರಲ್ಲಿ ಒಂದು ತಂಡ, ‘ನೀವು ನಾಳ ಅನ್ನುತ್ತಿರುವುದು ಎಲುಬಿನ ರಂಧ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾದ ಲೋಳೆ’ ಎಂದಿತು. 2009ರಲ್ಲಿ ಶ್ವೈಟ್ಜರ್ ತಂಡ 8 ಕೋಟಿ ವರ್ಷ ಹಳೆಯ ಬ್ರಾಕಿಲೊಫೊಸಾರಸ್ ಎಂಬ ಬೇರೆ ಡೈನೋಸಾರಿನ ಎಲುಬಿನಲ್ಲಿ ಕೊಲಾಜನ್ ತುಣುಕು ತೋರಿಸಿತು. 2019ರಲ್ಲಿ ಮತ್ತೊಂದು ತಂಡ ಕೆನಡಾದ ಸೆಂಟ್ರೊಸಾರಸ್ ಎಲುಬನ್ನು ಜಾಗ್ರತೆಯಿಂದ ಅಗೆದು ನೋಡಿದರೆ ಕೊಲಾಜನ್ ಇಲ್ಲ, ಇಂದಿನ ಸೂಕ್ಷ್ಮಜೀವಿಗಳ ಸಂಸಾರವೇ ಒಳಗಿದೆ! ನನಗೆ ಅನ್ನಿಸುವುದು, ಕೆಲವು ಎಲುಬಿನಲ್ಲಿ ನಿಜಕ್ಕೂ ಹಳೆಯದೇನೋ ಉಳಿದಿದೆ, ಕೆಲವುದರಲ್ಲಿ ಇಲ್ಲ. ಆದರೆ ಈ ಎರಡು ಕಡೆಯವರೂ ಒಂದು ವಿಷಯದಲ್ಲಿ ಜಗಳವಾಡುವುದಿಲ್ಲ. ಅದು ವಯಸ್ಸು.

ಯಾಕೆ ಅಂದರೆ ವಯಸ್ಸನ್ನು ಯಾರೂ ಎಲುಬಿನ ಮೆದುತನ ನೋಡಿ ಹೇಳಿದ್ದೇ ಅಲ್ಲ. ಕಲ್ಲು ನೋಡಿ ಹೇಳಿದ್ದು. ಮತ್ತು ಆ ಕಲ್ಲಿನ ಗಡಿಯಾರ ನಿಮ್ಮ ಹೊಲದಲ್ಲೇ ಇದೆ, ಮಾಸ್ತರರೇ.

ನನ್ನ ಅಜ್ಜನ ಊರು ಜತ್ತ ತಾಲ್ಲೂಕು. ನಾನು ಹತ್ತು ವರ್ಷದವನಿದ್ದಾಗ ಅಲ್ಲಿ ಬಾವಿ ತೆಗೆಸಿದರು. ಮೇಲೆ ಆಳುದ್ದ ಎರೆಮಣ್ಣು. ಅದರ ಕೆಳಗೆ ಪುಡಿಪುಡಿ ಗರಸು, ನಾವು ಮುರುಮ ಅನ್ನುವುದು. ಆಮೇಲೆ ಮದ್ದು ಇಟ್ಟೇ ಒಡೆಯಬೇಕಾದ ಕರಿಕಲ್ಲು. ಇನ್ನು ಕಲ್ಲೇ ಗತಿ ಅಂತ ಅಜ್ಜ ತಲೆಮೇಲೆ ಕೈ ಹೊತ್ತು ಕೂತಾಗ, ಒಂದು ಗೇಣು ದಪ್ಪದ ಕೆಂಪು ಮಣ್ಣಿನ ಪಟ್ಟಿ ಬಂತು. ಅಜ್ಜಿ ಒಂದು ಬುಟ್ಟಿ ತುಂಬಿಸಿಕೊಂಡು ಬಂದು ಗೋಡೆಗೆ ಕಾರಣಿ ಬಳಿದಳು. ಪಟ್ಟಿಯ ಕೆಳಗೆ ಮತ್ತೆ ಕರಿಕಲ್ಲು. ಆ ಕರಿಕಲ್ಲು ಒಂದು ಲಾವಾ ಪ್ರವಾಹ. ಅದು ಹರಿದು ಆರಿ, ಮೇಲ್ಭಾಗ ಸವೆದು ಮಣ್ಣಾಗುವಷ್ಟು ಕಾಲ ಸುಮ್ಮನೆ ಬಿದ್ದಿತ್ತು. ಆಮೇಲೆ ಇನ್ನೊಂದು ಲಾವಾ ಬಂದು ಆ ಮಣ್ಣನ್ನು ಸುಟ್ಟು ಮುಚ್ಚಿತು. ಇಂಥ ಪ್ರವಾಹಗಳು ಒಂದರ ಮೇಲೊಂದು ಪೇರಿಸಿಕೊಂಡು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿವೆ. ನಾವು ಜೋಳ, ತೊಗರಿ ಬಿತ್ತುವ ಎರೆ ಆ ಕಲ್ಲಿನದ್ದೇ ಹುಡಿ.

ಆ ಕಲ್ಲಿನಲ್ಲಿ ಪೊಟ್ಯಾಸಿಯಂ ಇದೆ, ಕಬ್ಬಿಗೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿ ಇರುವುದೇ. ಪೊಟ್ಯಾಸಿಯಂ ಪರಮಾಣುಗಳಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಂದು ಅಸ್ಥಿರ. ಅವು ಒಂದೊಂದಾಗಿ ಒಡೆಯುತ್ತ ಹೋಗುತ್ತವೆ, 125 ಕೋಟಿ ವರ್ಷಕ್ಕೆ ಅರ್ಧ. ಒಡೆದವುಗಳಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಲಾವಾ ಕುದಿಯುತ್ತಿದ್ದಾಗ ಹಳೆಯ ಆರ್ಗಾನ್ ಹಾರಿಹೋಗುತ್ತದೆ. ಕಲ್ಲು ಗಟ್ಟಿಯಾದ ಗಳಿಗೆಯಿಂದ ಹೊಸದು ಒಳಗೇ ಸಿಕ್ಕಿಬೀಳುತ್ತದೆ. ಎಷ್ಟು ಸೇರಿದೆ ಎಂದು ಅಳೆದರೆ ಆ ಕಲ್ಲು ಎಂದು ಆರಿತು ಎಂಬುದು ತಿಳಿಯುತ್ತದೆ. ಸಹ್ಯಾದ್ರಿಯ ಘಟ್ಟಗಳಿಂದ ಕಲ್ಲು ತೆಗೆದು ಹೀಗೇ ಅಳೆದಿದ್ದಾರೆ. ಸುಮಾರು 6.6 ಕೋಟಿ ವರ್ಷ.

ಒಂದೇ ಅಳತೆಯನ್ನು ನಂಬಬೇಕಾ? ಬೇಡ. ಕಬ್ಬು ಹಾಕುವ ನಮ್ಮ ರೈತರು ಏನು ಮಾಡುತ್ತಾರೆ? ಕಾರ್ಖಾನೆಯ ಕಾಟಾದ ಮೇಲೆ ಸಂಶಯ ಬಂದರೆ ಟ್ರಾಲಿಯನ್ನು ಮೊದಲೇ ಹೊರಗಿನ ಕಾಟಾದಲ್ಲಿ ತೂಗಿಸಿಕೊಂಡು ಹೋಗುತ್ತಾರೆ. ಎರಡೂ ಚೀಟಿ ಹೊಂದಿದರೆ ಸರಿ. ಇಲ್ಲೂ ಹೊರಗಿನ ಕಾಟಾ ಇದೆ. ಲಾವಾ ಪದರಗಳ ನಡುವೆ ಬಿದ್ದ ಜ್ವಾಲಾಮುಖಿ ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳು ಸಿಗುತ್ತವೆ. ಹುಟ್ಟುವಾಗ ಅವು ಯುರೇನಿಯಂ ಸೇರಿಸಿಕೊಳ್ಳುತ್ತವೆ, ಸೀಸವನ್ನು ಹತ್ತಿರ ಬಿಡುವುದಿಲ್ಲ. ಆಮೇಲೆ ಒಳಗೆ ಕಾಣುವ ಸೀಸ ಯುರೇನಿಯಂ ಒಡೆದು ಆದದ್ದು. ಅದರಲ್ಲೂ ಎರಡು ಬಗೆಯ ಯುರೇನಿಯಂ. ಒಂದು ಸುಮಾರು 447 ಕೋಟಿ ವರ್ಷಕ್ಕೆ ಅರ್ಧವಾಗುತ್ತದೆ, ಇನ್ನೊಂದು 70 ಕೋಟಿಗೆ. ಒಂದೇ ಹರಳಿನಲ್ಲಿ ಎರಡು ಕಾಟಾ! 2019ರಲ್ಲಿ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ನಮ್ಮ ದಖ್ಖನ್ ಲಾವಾದ ಲೆಕ್ಕ ಕೊಟ್ಟವು. ಒಬ್ಬರು ಆರ್ಗಾನ್ ಹಿಡಿದು, ಇನ್ನೊಬ್ಬರು ಜಿರ್ಕಾನ್ ಹಿಡಿದು. ಯಾವ ಪ್ರವಾಹ ಯಾವಾಗ ಜೋರಾಯಿತು ಅಂತ ಸಾವಿರಾರು ವರ್ಷಗಳ ಮೇಲೆ ಇಬ್ಬರಿಗೂ ಜಗಳ. ಕೋಟಿಯ ಮೇಲೆ ಜಗಳವೇ ಇಲ್ಲ.

ಮೊಂಟಾನಾದಲ್ಲೂ ಹೀಗೇ. ಹೆಲ್ ಕ್ರೀಕ್ ಪದರಗಳ ಮೇಲ್ತುದಿಯಲ್ಲಿ, ಡೈನೋಸಾರ್‌ಗಳ ಕಾಲ ಮುಗಿಯುವ ಗೆರೆಯ ಹತ್ತಿರ, ಬೂದಿ ಪದರ ಇದೆ. 2013ರಲ್ಲಿ ಆರ್ಗಾನ್ ಲೆಕ್ಕದಿಂದ ಆ ಗೆರೆಗೆ ಬಂದ ವಯಸ್ಸು 6.6 ಕೋಟಿ ವರ್ಷ. ಶ್ವೈಟ್ಜರ್ ಅವರ ಟಿ. ರೆಕ್ಸ್ ಸಿಕ್ಕಿದ್ದು ಅದಕ್ಕಿಂತ ತುಂಬ ಕೆಳಗೆ. ಹಾಗಾಗಿ 6.8. ಬಾವಿಯಲ್ಲಿ ಕೆಳಗಿನ ಪದರ ಮೇಲಿನದಕ್ಕಿಂತ ಮೊದಲು ಬಿದ್ದಿರಬೇಕು, ಇದನ್ನು ಹೇಳಲು ವಿಜ್ಞಾನಿ ಬೇಕಿಲ್ಲ, ಬಾವಿ ತೆಗೆಯುವ ವಡ್ಡರೂ ಹೇಳುತ್ತಾರೆ.

ಇನ್ನು ಆ ಕಾರ್ಬನ್ ಪರೀಕ್ಷೆ. ಅದು ಒಳ್ಳೆಯ ತಕ್ಕಡಿಯೇ, ಆದರೆ ಬಂಗಾರ ತೂಗುವ ತಕ್ಕಡಿ. ಅದರಲ್ಲಿ ಕಬ್ಬಿನ ಟ್ರಾಲಿ ತೂಗಲು ಹೋದರೆ ಏನಾಗುತ್ತದೆ? ಕಾರ್ಬನ್-14 ಎಂಬುದು 5,730 ವರ್ಷಕ್ಕೆ ಅರ್ಧ ಆಗುತ್ತದೆ. 50 ಸಾವಿರ ವರ್ಷದ ಹೊತ್ತಿಗೆ ನಾನೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಅಲ್ಲಿಂದಾಚೆ ಈ ತಕ್ಕಡಿ ಕೆಲಸಕ್ಕೆ ಬಾರದು. ಪೂರ್ತಿ ಹಳೆಯ ವಸ್ತುವಿಗೆ ನೂರಕ್ಕೆ ಒಂದು ಪಾಲು ಇಂದಿನ ಕಾರ್ಬನ್ ಸೇರಿದರೆ ಸಾಕು, ಸುಮಾರು 37 ಸಾವಿರ ವರ್ಷ ಅಂತ ತೋರಿಸುತ್ತದೆ. ಎಲುಬಿನೊಳಗೆ ಜೀವಂತ ಸೂಕ್ಷ್ಮಜೀವಿಗಳ ಸಂಸಾರ ಇತ್ತು ಎಂದೆನಲ್ಲ. ಅವು ಎಲ್ಲಿಯ ಕಾರ್ಬನ್ ತಂದಿರುತ್ತವೆ ಹೇಳಿ! ವಿಡಿಯೊ ಮಾಡಿದವರು ತೋರಿಸುವ ಸಾವಿರಗಳ ಲೆಕ್ಕ ಇದೇ.

ಒಂದು ಮಾತು ಮೊಮ್ಮಗನಿಗೆ ಬೇರೆಯಾಗಿ ಹೇಳಿ. ಡಿಎನ್ಎ ಪ್ರೋಟೀನಿಗಿಂತ ಬೇಗ ಹಾಳಾಗುತ್ತದೆ. ಇದುವರೆಗೆ ಓದಲು ಸಿಕ್ಕ ಅತ್ಯಂತ ಹಳೆಯ ಡಿಎನ್ಎ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನದು, ಸುಮಾರು 20 ಲಕ್ಷ ವರ್ಷದ್ದು. ಡೈನೋಸಾರ್ ಕೆಲವೇ ಸಾವಿರ ವರ್ಷದ ಹಿಂದಿನದಾಗಿದ್ದರೆ ಅದರ ಡಿಎನ್ಎ ರಾಶಿ ರಾಶಿ ಸಿಗಬೇಕಿತ್ತು, ಮ್ಯಾಮತ್ ಎಂಬ ಹಿಮಯುಗದ ಆನೆಗಳದ್ದು ಸಿಕ್ಕ ಹಾಗೆ. ಸಿಕ್ಕಿಲ್ಲ.

ಮುಚ್ಚಿಡುತ್ತಿದ್ದಾರೆ ಅನ್ನುವ ಮಾತಿಗೆ ನಾನು ಜಾಸ್ತಿ ಸಮಯ ಕೊಡುವುದಿಲ್ಲ. ಕಂಡುಹಿಡಿದವರೇ ಜಗತ್ತಿನ ದೊಡ್ಡ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಶ್ವೈಟ್ಜರ್ ಸ್ವತಃ ದೈವಭಕ್ತ ಕ್ರೈಸ್ತರು, ಹಾಗಂತ ಅವರೇ ಹೇಳಿಕೊಂಡಿದ್ದಾರೆ. ಎಲುಬಿನ ವಯಸ್ಸಿನ ಬಗ್ಗೆ ಅವರಿಗೆ ಅನುಮಾನವಿಲ್ಲ. ತಮ್ಮ ಕೆಲಸವನ್ನು ಹೀಗೆ ತಿರುಚುವವರ ಮೇಲೆ ಬೇಸರ ಮಾತ್ರ ಇದೆ. ಈ ‘ಕೆಲವು ಸಾವಿರ ವರ್ಷ’ ಎಲ್ಲಿಂದ ಬಂತು ಗೊತ್ತೇ? ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿ ಕೂಡಿಸಿ, ಜಗತ್ತು ಹುಟ್ಟಿದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಲೆಕ್ಕ ಹಾಕಿದ. ಅದೀಗ ಹಿಂದಿಯ ವೇಷ ಹಾಕಿಕೊಂಡು ಅಕ್ಕಲಕೋಟಕ್ಕೆ ಬಂದಿದೆ. ನಮ್ಮ ಪಂಚಾಂಗದಲ್ಲಿ ಕಲಿಯುಗ ಒಂದೇ 4,32,000 ವರ್ಷ, ಕಲ್ಪ 432 ಕೋಟಿ. ಅದೂ ಕಲ್ಲು ಅಳೆದು ಬಂದ ಲೆಕ್ಕ ಅಲ್ಲ. ಆದರೆ ಕೋಟಿ ಅಂದ ಕೂಡಲೇ ಬೆಚ್ಚಿಬೀಳುವ ಜನ ನಾವಲ್ಲ, ಅಲ್ವಾ?

ಮೊಮ್ಮಗನಿಗೆ ಹತ್ತಿರದ್ದೇ ಏನಾದರೂ ಬೇಕಿದ್ದರೆ ಚಂದ್ರಪುರ ಜಿಲ್ಲೆಯ ಪಿಸ್ದುರಾ ಇದೆ, ನಮ್ಮ ಮಹಾರಾಷ್ಟ್ರದ್ದೇ. ಅಲ್ಲಿ ಕಲ್ಲಾದ ಡೈನೋಸಾರ್ ಸಗಣಿ ಸಿಗುತ್ತದೆ. ಅದನ್ನು ಪರೀಕ್ಷಿಸಿದ ಭಾರತ ಮತ್ತು ಸ್ವೀಡನ್ನಿನ ವಿಜ್ಞಾನಿಗಳಿಗೆ 2005ರಲ್ಲಿ ಅದರೊಳಗೆ ಹುಲ್ಲಿನ ಸೂಕ್ಷ್ಮ ಗಾಜುಕಣಗಳು ಕಂಡವು. ಹುಲ್ಲು ಹುಟ್ಟಿದ್ದು ಡೈನೋಸಾರ್‌ಗಳು ಹೋದ ಮೇಲೆ ಎಂದು ಅಲ್ಲಿಯವರೆಗೆ ಪುಸ್ತಕಗಳಲ್ಲಿ ಇತ್ತು. ಪುಸ್ತಕ ತಿದ್ದಿದರು. ಜೋಳವೂ ಹುಲ್ಲಿನ ಜಾತಿಯದೇ, ಹುಡುಗನಿಗೆ ಅದು ಖುಷಿ ಕೊಡಬಹುದು.

ನಮ್ಮ ತಲೆಬರಹಕ್ಕೆ ತಿದ್ದುಪಡಿಯನ್ನು ಈ ಸಂಚಿಕೆಯ ಮೂರನೇ ಪುಟದಲ್ಲಿ ಹಾಕಿದ್ದೇವೆ, ಅಷ್ಟೇ ದಪ್ಪಕ್ಷರದಲ್ಲಿ. ವಿನೆಗರಿನ ಪ್ರಯೋಗಕ್ಕೆ ಮನೆಯೊಳಗೆ ಕೋಳಿ ಎಲುಬು ತರಲು ಅಮ್ಮನವರು ಒಪ್ಪದಿದ್ದರೆ ಕೊಟ್ಟಿಗೆಯಲ್ಲಿಡಿ, ಬೆಕ್ಕಿಗೆ ಎಟುಕದ ಹಾಗೆ. ಇನ್ನು ನಿಮ್ಮ ಕಡೆಯ ಯಾವುದಾದರೂ ಹಳೆಯ ಬಾವಿಯಲ್ಲಿ ಆ ಕೆಂಪು ಪಟ್ಟಿ ಕಂಡರೆ ಒಂದು ಫೋಟೊ ಕಳಿಸಿ, ಮುಂದಿನ ಸಂಚಿಕೆಗೆ ಬೇಕು. ಮೇ ತಿಂಗಳಲ್ಲಿ ನೀರು ಇಳಿದಾಗ ಚೆನ್ನಾಗಿ ಕಾಣುತ್ತದೆ. ಬಗ್ಗಿ ನೋಡುವಾಗ ಹುಡುಗನ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ.

ಸಂಪಾದಕ